ಹಂಡೆಯ ಒಲೆಯ ಬೂದಿ

ನಮ್ಮ ಮನೆಯ ತಿಪ್ಪೆ ಪ್ರತಿ ವರ್ಷ ಬೇಸಿಗೆಯ ಕೊನೆಗೆ ಬುಕ್ಕಸಾಗರಕ್ಕೆ ಹೋಗುತ್ತಿತ್ತು. ಅದು ನನ್ನ ಹೆಂಡತಿಯ ತವರೂರು. ಅವಳ ತಮ್ಮ ಟ್ರಾಕ್ಟರಿನಲ್ಲಿ ಬಾಳೆಗೊನೆ ಹೇರಿಕೊಂಡು ಹೊಸಪೇಟೆಯ ಮಾರ್ಕೆಟ್ಟಿಗೆ ಬರುತ್ತಿದ್ದ. ಗೊನೆ ಇಳಿಸಿದ ಮೇಲೆ ಟ್ರಾಲಿ ಖಾಲಿ ಹಿಂದಕ್ಕೆ ಹೋಗಬಾರದೆಂದು ಅದೇ ಊರಿನಲ್ಲಿದ್ದ ನಮ್ಮ ಮನೆಯ ಹಿತ್ತಲಿಗೆ ಬಂದು, ವರ್ಷವಿಡೀ ಕೂಡಿದ್ದ ಸಗಣಿ, ಕಸ, ಬೂದಿ ಎಲ್ಲವನ್ನೂ ತುಂಬಿಕೊಂಡು ಹೋಗಿ ತನ್ನ ಭತ್ತದ ಗದ್ದೆಗೆ ಹಾಕುತ್ತಿದ್ದ. ಸುಗ್ಗಿಯಾದ ಮೇಲೆ ಆ ಗದ್ದೆಯ ಭತ್ತ ಕಂಪ್ಲಿಯ ಮಿಲ್ಲಿನಲ್ಲಿ ಅಕ್ಕಿಯಾಗಿ, ಎರಡು ಚೀಲ ನಮ್ಮ ಮನೆಗೆ ಬರುತ್ತಿತ್ತು. ಅಕ್ಕನ ಮನೆಯ ಗೊಬ್ಬರ, ತಮ್ಮನ ಮನೆಯ ಅಕ್ಕಿ. ನಮ್ಮ ಮದುವೆಯಾದ ವರ್ಷದಿಂದ ನಡೆದು ಬಂದದ್ದು.

ಅವಳು ತೀರಿಕೊಂಡ ವರ್ಷವೂ ಅವನು ಬಂದ. ಆ ತಿಪ್ಪೆಯನ್ನು ಅವನಿಗೆ ಕೊಡಬಾರದು ಎಂಬುದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಆದರೆ ಯಾಕೆ ಕೊಡಬಾರದು ಎಂದು ಹೇಳಬೇಕಾದರೆ, ಅವನ ಅಕ್ಕ ಹೇಗೆ ಸತ್ತಳು ಎಂಬುದನ್ನೂ ಹೇಳಬೇಕಾಗಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಾನು ಸಂಡೂರಿನ ಕಡೆ ಒಂದು ಗಣಿಯಲ್ಲಿ, ಅದಿರಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಕೆಲಸಕ್ಕಿದ್ದೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಲಾರಿ ಬಂದು ನಿಂತರೆ ಗುಂಡಿ ಒತ್ತುವುದು, ಚೀಟಿ ಹರಿದು ಕೊಡುವುದು, ಇಷ್ಟೇ ಕೆಲಸ. ಅದಿರಿಗೆ ಬೆಲೆ ಬಂದಿದ್ದ ಕಾಲ. ಬಂಡ್ರಿಯಂಥ ಊರುಗಳಲ್ಲಿ ಹೊಲ ಮಾಡಿಕೊಂಡಿದ್ದವರು ಹೊಲ ಬಿಟ್ಟು ಗಣಿಗೆ ಬರುತ್ತಿದ್ದರು. ಗಾದಿಗನೂರಿನ ಹತ್ತಿರ ಲಾರಿಗಳ ಸಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಕಾಣುತ್ತಿರಲಿಲ್ಲ. ಹೊಸಪೇಟೆಯಲ್ಲಿ ಬಿಳಿ ಅಂಗಿ ಒಗೆದು ಹೊರಗೆ ಹಾಕಿದರೆ ಸಂಜೆಗೆ ಕಾವಿ ಬಣ್ಣಕ್ಕೆ ತಿರುಗುತ್ತಿತ್ತು.

ಆ ಧೂಳು ಆಫೀಸಿನ ಮಿಷಿನ್ನುಗಳನ್ನೂ ಬಿಡಲಿಲ್ಲ. ಕಂಪ್ಯೂಟರಿನೊಳಗಿನ ಸಣ್ಣ ಫ್ಯಾನಿಗೆ ಕೆಂಪು ಧೂಳು ಮೆತ್ತಿಕೊಂಡು ಅದು ತಿರುಗುವುದನ್ನು ನಿಲ್ಲಿಸುತ್ತಿತ್ತು, ಒಳಗೆ ಬಿಸಿಯಾಗಿ ಬೋರ್ಡು ಸುಟ್ಟು ಹೋಗುತ್ತಿತ್ತು. ರಿಪೇರಿ ಮಾಡಿಸುವ ತಾಳ್ಮೆ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಹೊಸದು ಬರುತ್ತಿತ್ತು, ಹಳೆಯದು ಹಿಂದಿನ ಕೋಣೆಗೆ ಹೋಗುತ್ತಿತ್ತು. ದೊಡ್ಡ ಹೊಟ್ಟೆಯ ಮಾನಿಟರುಗಳು, ಪ್ರಿಂಟರುಗಳು, ಯುಪಿಎಸ್ ಬ್ಯಾಟರಿಗಳು, ವೈರಿನ ಸುರುಳಿಗಳು. ಕೋಣೆ ತುಂಬಿದಾಗ ಮ್ಯಾನೇಜರು ನನ್ನನ್ನು ಕರೆದು, "ನಿಮಗ ಬೇಕಾದ್ರ ಒಯ್ರಿ, ಜಾಗಾ ಖಾಲಿ ಆಗ್ಲಿ" ಎಂದರು. ಪುಕ್ಕಟೆ ಸಿಕ್ಕಿತೆಂದು ನಾನು ಕಂಪನಿಯ ಜೀಪಿನಲ್ಲೇ ಹೇರಿಕೊಂಡು ಮನೆಗೆ ತಂದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಅಲ್ರೀ, ಗಣಿಯಾಗ ಕೆಲಸ ಮಾಡೋರು ಕಾರು ತರ್ತಾರ, ಬಂಗಾರ ತರ್ತಾರ. ನೀವು ಏನ್ರಿ ಸತ್ತ ಟೀವಿ ತಂದೀರಿ?"

"ಒಳಗ ತಾಮ್ರ ಇರತೈತಂತ."

"ಹಂಗಾರ ಹೊಟ್ಟಿ ಸೀಳಿ ನೋಡೋಣು ಬರ್ರಿ" ಎಂದು ಅವಳೇ ಕುಡುಗೋಲು ತಂದಳು.

ಅವಳಿಗೆ ಕೈ ಕೆಲಸವೆಂದರೆ ಆಸೆ. ಮಧ್ಯಾಹ್ನ ಎಮ್ಮೆಗೆ ನೀರು ಕುಡಿಸಿ ಬಂದು ಹಿತ್ತಲಿನ ಬೇವಿನ ನೆರಳಿನಲ್ಲಿ ಕುಳಿತು ಒಂದೊಂದೇ ಪೆಟ್ಟಿಗೆ ಬಿಚ್ಚುತ್ತಿದ್ದಳು. ಮೊದಲ ಸಲ ಹಸಿರು ಬೋರ್ಡು ಕೈಗೆ ಬಂದಾಗ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. "ನೋಡ್ರಿ ಇಲ್ಲಿ, ಒಂದು ಊರ ಕಟ್ಟ್ಯಾರ. ಇದು ಕಾಲುವಿ, ಇವು ಓಣಿ. ಇದು ಹಂಪಿ ಬಜಾರು, ಎರಡೂ ಕಡಿ ಸಾಲು ಮಂಟಪ ಹೆಂಗದಾವ ನೋಡ್ರಿ" ಎಂದು ಬೆರಳಿಟ್ಟು ತೋರಿಸಿದಳು. ಒಂದು ಬೋರ್ಡನ್ನು ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಸಿಕ್ಕಿಸಿಟ್ಟಳು. ಉಳಿದವು ಒಲೆಗೆ ಹೋದವು.

ಒಲೆಗೆ ಹಾಕುವುದನ್ನು ಹೇಳಿಕೊಟ್ಟವನು ಗುಜರಿಯವನು. ಮೊದಲು ಅವಳು ವೈರಿನ ಪ್ಲಾಸ್ಟಿಕ್ಕನ್ನು ಚಾಕುವಿನಿಂದ ಸುಲಿದು ತಾಮ್ರ ಬಿಡಿಸುತ್ತಿದ್ದಳು. ತಕ್ಕಡಿ ಹಿಡಿದು ಬಂದ ಗುಜರಿಯವನು ಅದನ್ನು ನೋಡಿ ನಕ್ಕ.

"ಅಕ್ಕಾರ, ಹಿಂಗ ಸುಲಕೋತ ಕುಂತ್ರ ಮುದುಕಿ ಆಗ್ತೀರಿ. ಒಲಿಯಾಗ ಒಗೀರಿ. ಪ್ಲಾಸ್ಟಿಕ್ ಹೋಗ್ತದ, ತಾಮ್ರ ನಿಲ್ತದ."

"ನಿಮಗೇನು ಹೇಳಾಕ? ಉರುವಲು ನೀವು ಕೊಡ್ತೀರೇನು?"

"ಅದಾ ಉರೀತೈತ್ರಿ. ಉರುವಲು ಯಾಕ? ಮ್ಯಾಲ ಹಂಡೆ ಇಡ್ರಿ, ನೀರೂ ಕಾಯ್ತಾವ."

ನಮ್ಮ ಬಚ್ಚಲಿನಲ್ಲಿ ಸ್ನಾನದ ನೀರು ಕಾಯಿಸಲು ಮಣ್ಣಿನ ಒಲೆಯ ಮೇಲೆ ಒಂದು ದೊಡ್ಡ ಹಂಡೆ ಕೂಡಿಸಿದ್ದೆವು. ಮೊದಲು ಅದಕ್ಕೆ ಕಂಪ್ಲಿಯಿಂದ ತಂದ ಭತ್ತದ ಹೊಟ್ಟು ಉರಿಸುತ್ತಿದ್ದೆವು. ಗುಜರಿಯವನ ಮಾತು ಅವಳಿಗೆ ಹಿಡಿಸಿತು. ಒಂದೇ ಬೆಂಕಿಗೆ ಎರಡು ಕೆಲಸ. ವೈರು, ಬೋರ್ಡು, ಮಿಷಿನ್ನಿನ ಪ್ಲಾಸ್ಟಿಕ್ ಮೈ, ಎಲ್ಲವೂ ಹಂಡೆಯ ಒಲೆಗೆ ಹೋಯಿತು. ಹೊಗೆ ಕಪ್ಪಗೆ, ದಪ್ಪಗೆ ಬಂದು ಬಚ್ಚಲಿನ ಸೂರಿನಲ್ಲೇ ತೂಗಾಡುತ್ತಿತ್ತು. ಅವಳು ಸೆರಗನ್ನು ಮೂಗಿಗೆ ಹಿಡಿದು ಊದುಗೊಳವೆಯಿಂದ ಊದುತ್ತಿದ್ದಳು. ಬ್ಯಾಟರಿಗಳನ್ನು ಕಲ್ಲಿನಿಂದ ಒಡೆದು ಒಳಗಿನ ಸೀಸದ ತಗಡು ತೆಗೆದು, ಹಳೆಯ ಬಾಣಲೆಯಲ್ಲಿ ಕರಗಿಸಿ ಗಟ್ಟಿ ಮಾಡುತ್ತಿದ್ದಳು. ಗಟ್ಟಿ ಮಾಡಿ ಕೊಟ್ಟರೆ ಗುಜರಿಯವನು ತಕರಾರಿಲ್ಲದೆ ಒಯ್ಯುತ್ತಿದ್ದ. ನಾನು ಸಂಜೆ ಬಂದು ಆ ಹಂಡೆಯ ನೀರಿನಲ್ಲಿ ಮೈಯ ಕೆಂಪು ಧೂಳು ತೊಳೆದುಕೊಳ್ಳುತ್ತಿದ್ದೆ. "ಇವತ್ತ ನೀರು ಭಾಳ ಚಲೋ ಕಾದಾವ" ಎಂದು ಎಷ್ಟೋ ಸಲ ಹೇಳಿದ್ದೇನೆ.

ತಾಮ್ರ ತೆಗೆದ ಮೇಲೆ ಬೂದಿ ಉಳಿಯುತ್ತಿತ್ತು. ನಮ್ಮ ಕಡೆಯ ಮನೆಗಳಲ್ಲಿ ಬೂದಿಯನ್ನು ಯಾರೂ ಸುಮ್ಮನೆ ಚೆಲ್ಲುವುದಿಲ್ಲ. ಅವಳೂ ಚೆಲ್ಲಲಿಲ್ಲ. ಜರಡಿ ಹಿಡಿದು, ನುಣ್ಣಗಿನದನ್ನು ಪಾತ್ರೆ ತಿಕ್ಕಲು ತೆಂಗಿನ ಚಿಪ್ಪಿನಲ್ಲಿ ಇಟ್ಟಳು. ಹಿತ್ತಲಿನ ಬದನೆ ಗಿಡಕ್ಕೆ ಹುಳ ಬೀಳಬಾರದೆಂದು ಎಲೆಗಳ ಮೇಲೆ ಉದುರಿಸಿದಳು. ಹೆಸರುಕಾಳಿಗೆ ನುಸಿ ಹತ್ತಬಾರದೆಂದು ಬೂದಿ ಕಲಸಿ ಡಬ್ಬಿಗೆ ತುಂಬಿದಳು. ಉಳಿದದ್ದನ್ನು ಬುಟ್ಟಿಯಲ್ಲಿ ಒಯ್ದು ತಿಪ್ಪೆಗೆ ಹಾಕಿದಳು. ಅವಳ ತಾಯಿ ಹಾಗೆ ಮಾಡುತ್ತಿದ್ದಳು, ನನ್ನ ತಾಯಿಯೂ ಹಾಗೇ ಮಾಡುತ್ತಿದ್ದಳು. ಕಟ್ಟಿಗೆಯ ಬೂದಿಯನ್ನೂ ಈ ಬೂದಿಯನ್ನೂ ಅವಳು ಒಂದೇ ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ನಾಲ್ಕು ವರ್ಷ ಹೀಗೆ ನಡೆಯಿತು. ನಾಲ್ಕು ಟ್ರಾಲಿ ಗೊಬ್ಬರ ಬುಕ್ಕಸಾಗರಕ್ಕೆ ಹೋಯಿತು.

ಎರಡನೆಯ ವರ್ಷ ಅವಳು ಬಸುರಾದಳು. ಮೂರು ತಿಂಗಳಿಗೆ ಇಳಿದು ಹೋಯಿತು. ಮರುವರ್ಷ ಮತ್ತೆ ಹಾಗೇ ಆಯಿತು. ಓಣಿಯ ಹೆಂಗಸರು ಗಣಿಯ ಧೂಳಿನಿಂದ ಹೀಗಾಯಿತು ಎಂದರು. ಆ ದಿನಗಳಲ್ಲಿ ನಮ್ಮ ಊರಿನಲ್ಲಿ ಏನೇ ಆದರೂ ಕೆಂಪು ಧೂಳಿನ ಮೇಲೆ ಹಾಕುತ್ತಿದ್ದರು. ಕೆಮ್ಮಿಗೂ ಧೂಳು, ಬೆಳೆ ಬಾರದಿದ್ದರೂ ಧೂಳು. ಧೂಳು ಕಣ್ಣಿಗೆ ಕಾಣುತ್ತಿತ್ತು, ಅದನ್ನು ಬೈಯುವುದು ಸುಲಭವಿತ್ತು. ನಾನೂ ಬೈದೆ. ಧೂಳಿನೊಳಗೆ ಹೊರಗೆ ಓಡಾಡಬೇಡ, ಹಿತ್ತಲಿನಲ್ಲೇ ಇರು ಎಂದು ಅವಳಿಗೆ ಹೇಳಿದವನೂ ನಾನೇ. ಅವಳು ಹಿತ್ತಲಿನಲ್ಲೇ ಇದ್ದಳು, ಆ ಒಲೆಯ ಮುಂದೆ.

ಆಮೇಲೆ ಹೊಟ್ಟೆನೋವು ಶುರುವಾಯಿತು. ಹೊಟ್ಟೆಯನ್ನು ಯಾರೋ ಹಿಡಿದು ಹಿಂಡಿದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. "ಬಾಯಿ ತುಂಬ ತಾಮ್ರದ ಬಿಲ್ಲಿ ಇಟ್ಕೊಂಡಂಗ ಅನಸ್ತದ್ರಿ" ಎನ್ನುತ್ತಿದ್ದಳು. ಮೈ ಬಿಳಿಚಿತು. ಒಂದು ದಿನ ರೊಟ್ಟಿ ತಟ್ಟುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ ತನ್ನ ಬಲಗೈಯನ್ನು ನೋಡುತ್ತ ಕುಳಿತಳು. ಮಣಿಕಟ್ಟಿನಿಂದ ಮುಂದಕ್ಕೆ ಕೈ ಬಾಡಿದ ಎಲೆಯ ಹಾಗೆ ಜೋತು ಬಿದ್ದಿತ್ತು. ಎತ್ತಲು ನೋಡಿದಳು, ಏಳಲಿಲ್ಲ.

"ಏನ್ರೀ ಇದು, ನನ್ನ ಕೈ ನನ್ನ ಮಾತ ಕೇಳವಲ್ಲದು" ಎಂದು ನಕ್ಕಳು. ಅವತ್ತು ಉಳಿದ ರೊಟ್ಟಿಗಳನ್ನು ನಾನು ತಟ್ಟಿದೆ. ಮೂಲೆ ಮೂಲೆಯಾಗಿ ಬಂದವು. ಅದನ್ನು ನೋಡಿ ಇನ್ನೂ ನಕ್ಕಳು.

ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ವಯಸ್ಸಾದವರು, ಅವಸರ ಮಾಡಲಿಲ್ಲ. ಅವಳ ಕೈ ಎತ್ತಿ ಬಿಟ್ಟು ನೋಡಿದರು. ಕೆಳತುಟಿ ಎಳೆದು ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿ ಕಪ್ಪು ಗೆರೆಯಿತ್ತು.

"ಎಲಿ ಅಡಿಕಿ ಹಾಕ್ತೀಯೇನಮ್ಮ?"

"ಊಟದ ಮ್ಯಾಲ ಹಾಕ್ತೀನ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಇವ್ರು ಏನು ಕೆಲಸ ಮಾಡ್ತಾರ? ಬ್ಯಾಟರಿ ಅಂಗಡಿ, ಬಣ್ಣದ ಕೆಲಸ, ಪ್ರೆಸ್ಸು, ಅಂಥಾದ್ದೇನರ?"

"ಏನೂ ಇಲ್ರಿ ಸಾಹೇಬ್ರ" ಎಂದೆ ನಾನು. "ಸುಮ್ನ ಮನ್ಯಾಗ ಇರ್ತಾಳ."

ಅವಳು ನನ್ನ ಮುಖ ನೋಡಿದಳು. ನಾನು ಹೇಳಿದ್ದು ಸರಿ ಇರಬೇಕೆಂದುಕೊಂಡು, "ಹೌದ್ರಿ, ಏನೂ ಇಲ್ಲ" ಎಂದಳು.

ನಾನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹೊರಗೆ ಹೋಗಿ ಸಂಬಳ ತರುವುದಷ್ಟೇ ನನಗೆ ಕೆಲಸವಾಗಿ ಕಂಡಿತ್ತು. ಬೆಳಗಿನಿಂದ ಸಂಜೆಯವರೆಗೆ ಅವಳು ಏನು ಮಾಡುತ್ತಿದ್ದಳೋ ಅದಕ್ಕೆ ನನ್ನ ಬಾಯಲ್ಲಿ ಹೆಸರಿರಲಿಲ್ಲ. ಡಾಕ್ಟರು ಬ್ಯಾಟರಿ ಎಂಬ ಮಾತನ್ನು ನನ್ನ ಕಿವಿಯ ಹತ್ತಿರವೇ ತಂದಿಟ್ಟಿದ್ದರು. ನಾನು ಸುಮ್ನ ಮನ್ಯಾಗ ಇರ್ತಾಳ ಎಂದೆ. ಅವರು ಚೀಟಿಯಲ್ಲಿ ರಕ್ತ ಕಡಿಮೆ ಎಂದು ಬರೆದು ಗುಳಿಗೆ ಕೊಟ್ಟರು. ಊರಿಗೆ ಬಂದು ಅವಳು ಗುಳಿಗೆ ನುಂಗಿದಳು. ಎಡಗೈಯಿಂದ ಊದುಗೊಳವೆ ಹಿಡಿದು ಒಲೆಯನ್ನೂ ಊದಿದಳು.

ಆರು ತಿಂಗಳಿಗೆ ಮೂತ್ರಪಿಂಡ ಕೈಕೊಟ್ಟಿತು. ಮುಖ, ಕಾಲು ಬಾತವು. ಎರಡನೆಯ ಸಲ ಬಳ್ಳಾರಿಗೆ ಹೋದಾಗ ಆ ಡಾಕ್ಟರು ಅಲ್ಲಿರಲಿಲ್ಲ. ಬೇರೆಯವರು ಯಾರೂ ಆ ಪ್ರಶ್ನೆ ಕೇಳಲಿಲ್ಲ. ಮಾಘ ಮಾಸದ ಒಂದು ಮಧ್ಯಾಹ್ನ ಅವಳು ಹೋದಳು. ನಮ್ಮ ಪದ್ಧತಿಯಂತೆ ಮಣ್ಣು ಮಾಡಿದೆವು. ಬುಕ್ಕಸಾಗರದಿಂದ ಬಂದ ಅವಳ ತಮ್ಮ ಗುಣಿಯ ಅಂಚಿನಲ್ಲಿ ಕುಳಿತು, "ಧೂಳು ನಮ್ಮಕ್ಕನ್ನ ತಿಂತು" ಎಂದು ಅತ್ತ. ನಾನೂ ತಲೆ ಅಲ್ಲಾಡಿಸಿದೆ. ಆಗ ನನಗೂ ಅಷ್ಟೇ ಗೊತ್ತಿತ್ತು.

ಗೊತ್ತಾದದ್ದು ಒಂದು ತಿಂಗಳ ಮೇಲೆ, ಗಣಿಯಲ್ಲಿ. ವರ್ಷಕ್ಕೊಮ್ಮೆ ಅಲ್ಲಿ ಸುರಕ್ಷಾ ಸಪ್ತಾಹ ಮಾಡುತ್ತಿದ್ದರು. ವೇಬ್ರಿಡ್ಜಿನ ಪಕ್ಕದಲ್ಲಿ ಶಾಮಿಯಾನ ಹಾಕಿ, ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟು, ಹೊರಗಿನಿಂದ ಯಾರನ್ನಾದರೂ ಕರೆಸಿ ಭಾಷಣ ಮಾಡಿಸುತ್ತಿದ್ದರು. ಹಿಂದೆಲ್ಲ ಹೆಲ್ಮೆಟ್ಟಿನ ಬಗ್ಗೆ ಹೇಳಿದ್ದರು. ಆ ವರ್ಷ ಬಂದವರು ಒಂದು ಕೈಯಲ್ಲಿ ಹಸಿರು ಬೋರ್ಡು, ಇನ್ನೊಂದು ಕೈಯಲ್ಲಿ ಒಡೆದ ಬ್ಯಾಟರಿ ಹಿಡಿದುಕೊಂಡು ಎದ್ದು ನಿಂತರು.

ಹಳೆಯ ಕಂಪ್ಯೂಟರು, ಟೀವಿ, ಮೊಬೈಲುಗಳಲ್ಲಿ ಏನಿರುತ್ತದೆ ಎಂದು ಅವರು ಸಾವಕಾಶವಾಗಿ ಹೇಳಿದರು. ಬೋರ್ಡಿನ ಬೆಸುಗೆಯಲ್ಲಿ ಸೀಸ, ಮಾನಿಟರಿನ ಗಾಜಿನಲ್ಲಿ ಸೀಸ, ಬ್ಯಾಟರಿಯಲ್ಲಂತೂ ಅದೇ. ವೈರಿನ ಪ್ಲಾಸ್ಟಿಕ್ ಸುಟ್ಟರೆ ಬರುವ ಹೊಗೆ ವಿಷ. ಸೀಸ ಸುಟ್ಟರೂ ಹೋಗುವುದಿಲ್ಲ, ಕೊಳೆಯುವುದೂ ಇಲ್ಲ, ಹೊಗೆಯಲ್ಲಿ ಸ್ವಲ್ಪ ಹೋಗಿ ಉಳಿದದ್ದು ಬೂದಿಯಲ್ಲಿ ಇರುತ್ತದೆ. ಮೈಗೆ ಹೋದರೆ ಹೊಟ್ಟೆ ಹಿಂಡುತ್ತದೆ, ರಕ್ತ ಕಡಿಮೆಯಾಗುತ್ತದೆ, ಬಸಿರು ನಿಲ್ಲುವುದಿಲ್ಲ, ಮಣಿಕಟ್ಟು ಜೋತು ಬೀಳುತ್ತದೆ, ಒಸಡಿನ ಅಂಚಿಗೆ ನೀಲಿ ಗೆರೆ ಮೂಡುತ್ತದೆ.

ಮುಂದಿನ ಸಾಲಿನ ಒಬ್ಬ ಡ್ರೈವರ್ ಎದ್ದು, "ಸಾರ್, ನಾವು ಬ್ಯಾಟರಿಯಿಂದ ಸಾಯೂದಿಲ್ಲ ಬಿಡ್ರಿ. ಈ ರೋಡಿನ ಕುಣಿ ಅದಾವಲ್ಲ, ಅವು ಮೊದ್ಲ ಕೊಲ್ತಾವ" ಎಂದ. ಎಲ್ಲರೂ ನಕ್ಕರು. ಭಾಷಣಕ್ಕೆ ಬಂದವರೂ ನಕ್ಕರು. ನನ್ನ ಕೈಯಲ್ಲಿದ್ದ ಮಜ್ಜಿಗೆ ಲೋಟ ವಾರೆಯಾಗಿ ಪ್ಯಾಂಟಿನ ಮೇಲೆ ಚೆಲ್ಲುತ್ತಿದ್ದುದು ಪಕ್ಕದವನು ಹೇಳಿದ ಮೇಲೆ ನನಗೆ ಗೊತ್ತಾಯಿತು.

ಎಲ್ಲರೂ ಹೋದ ಮೇಲೆ ಅವರ ಹತ್ತಿರ ಹೋದೆ. ನನ್ನ ಹೆಂಡತಿಯ ಮಾತು ಎತ್ತಲಿಲ್ಲ. "ಆ ಬೂದಿ ತಿಪ್ಪಿಗೆ ಹಾಕಿದ್ರ ಏನಾಕ್ಕೈತ್ರಿ?" ಎಂದಷ್ಟೇ ಕೇಳಿದೆ.

"ತಿಪ್ಪೆಗೆ ಹಾಕಬಾರದು. ಗೊಬ್ಬರದ ಜೊತೆ ಹೊಲಕ್ಕೆ ಹೋದರೆ ಮಣ್ಣಲ್ಲೇ ಉಳಿದುಬಿಡುತ್ತೆ. ಅಲ್ಲಿ ಬೆಳೆದದ್ದಕ್ಕೂ ಬರಬಹುದು."

"ಮತ್ತ ಎಲ್ಲಿ ಹಾಕಬೇಕ್ರಿ?"

ಮಿಷಿನ್ನುಗಳನ್ನು ಒಡೆಯದೆ, ಸುಡದೆ, ಇದ್ದ ಹಾಗೇ ಪರವಾನಗಿ ಇರುವವರಿಗೆ ಕೊಡಬೇಕು, ಬೆಂಗಳೂರಿನಲ್ಲಿ ಅಂಥವರು ಇದ್ದಾರೆ, ಅವರು ಅದನ್ನು ಬೇರೆ ಬೇರೆ ಮಾಡಿ ಮತ್ತೆ ಉಪಯೋಗಕ್ಕೆ ತರುತ್ತಾರೆ ಎಂದರು. ಸುಟ್ಟ ಬೂದಿಯನ್ನು ಸದ್ಯಕ್ಕೆ ಮಳೆ ತಾಗದ ಹಾಗೆ, ಮಣ್ಣಿಗೆ ತಾಗದ ಹಾಗೆ ಮುಚ್ಚಿಡಿ ಎಂದರು. "ಯಾರ ಮನೇಲಿ?" ಎಂದು ಕೇಳಿದರು. "ನಮ್ಮ ಓಣಿಯಾಗ ಯಾರೋ ಅದಾರ್ರಿ" ಎಂದೆ.

ಮನೆಗೆ ಬಂದು ಮೊದಲು ಪಾತ್ರೆ ತಿಕ್ಕುವ ಬೂದಿಯ ಚಿಪ್ಪನ್ನು ನೋಡಿದೆ. ಅವಳು ಹೋದ ಮೇಲೂ ನಾನು ಅದರಿಂದಲೇ ತಿಕ್ಕುತ್ತಿದ್ದೆ. ಆಮೇಲೆ ಹೆಸರುಕಾಳಿನ ಡಬ್ಬಿ ತೆಗೆದೆ. ಅರ್ಧ ಡಬ್ಬಿ ಉಳಿದಿತ್ತು. ಅವಳು ಕೈಯಾರೆ ಬೂದಿ ಕಲಸಿ ಇಟ್ಟಿದ್ದ ಕಾಳು, ಒಂದಕ್ಕೂ ನುಸಿ ಹತ್ತಿರಲಿಲ್ಲ. ನುಸಿಗೂ ಅದು ಬೇಡವಾಗಿತ್ತು. ನಾನು ಮಾತ್ರ ವಾರಕ್ಕೆ ಎರಡು ಸಲ ಬೇಯಿಸಿಕೊಂಡು ತಿನ್ನುತ್ತಿದ್ದೆ. ಅವಳ ಕೈಯಿಂದ ಉಳಿದ ಕೊನೆಯ ಊಟ ಎಂದು ಮುಗಿಸದೆ ಸ್ವಲ್ಪ ಸ್ವಲ್ಪವೇ ತಿನ್ನುತ್ತಿದ್ದೆ.

ನಗರಸಭೆಗೆ ಹೋಗಿ ಕೇಳಿದೆ. ಅಲ್ಲಿದ್ದವರು, "ಬೂದಿ ಒಗಿಯಾಕ ಯಾರನ್ನರ ಕೇಳಬೇಕೇನ್ರಿ? ಗಾಡಿ ಬರತೈತಿ, ಹಾಕ್ರಿ" ಎಂದರು. ಗಾಡಿ ಹೋಗಿ ಸುರಿಯುವ ಜಾಗ ಊರ ಹೊರಗಿತ್ತು. ದನಗಳು ಅಲ್ಲೇ ಮೇಯುತ್ತಿದ್ದವು, ಕಸಕ್ಕೆ ಬೆಂಕಿ ಹಚ್ಚಿರುತ್ತಿದ್ದರು. ಅಲ್ಲಿಗೆ ಹಾಕಲು ಮನಸ್ಸಾಗಲಿಲ್ಲ. ಗುಜರಿಯವನಿಗೆ ಹೇಳಿದೆ, ಇನ್ನು ಮೇಲೆ ಯಾರಿಗೂ ಸುಡಲು ಹೇಳಬೇಡ ಎಂದು. ಅವಳು ತೀರಿಕೊಂಡ ಸುದ್ದಿಯಷ್ಟನ್ನೇ ಕೇಳಿ ಅವನು ನಿಜವಾಗಿಯೂ ನೊಂದುಕೊಂಡ. ಆಮೇಲೆ, "ನಾನು ಹೇಳದಿದ್ರೂ ಸುಡ್ತಾರ್ರಿ. ಕಾಲುವಿ ದಂಡಿಗೆ ಹೋಗಿ ನೋಡ್ರಿ" ಎಂದ. ಹೋಗಿ ನೋಡಿದೆ. ಕಾಲುವೆಯ ದಂಡೆಯಲ್ಲಿ ಮೂರು ಕಡೆ ನೆಲ ಕರಕಲಾಗಿತ್ತು, ಕೆಳಗೆ ನೀರು ಹರಿಯುತ್ತಿತ್ತು.

ಬೇಸಿಗೆ ಮುಗಿಯುತ್ತ ಬಂತು. ಬಾಳೆಗೊನೆ ಇಳಿಸಿದ ಟ್ರಾಕ್ಟರ್ ಹಿತ್ತಲಿನ ಬಾಗಿಲಿಗೆ ಬಂದು ನಿಂತಿತು. ಅವಳ ತಮ್ಮ ಸಲಿಕೆ, ಬುಟ್ಟಿ ಹಿಡಿದುಕೊಂಡು ಇಳಿದ. ಎಮ್ಮೆಯ ಹಣೆ ಸವರಿ, ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದ.

"ಮಾವ, ಈ ಸಲ ಒಂದು ಟ್ರಾಲಿ ಆಗೂದೂ ಕಷ್ಟ. ಅಕ್ಕ ಇದ್ದಿದ್ರ ತುಳುಕಾಡತಿತ್ತು."

"ಬ್ಯಾಡ ತಮ್ಮಾ. ಈ ಸಲ ಬಿಡು."

"ಯಾಕ? ಬ್ಯಾರೆ ಯಾರಿಗರ ಹೇಳೀರೇನು?"

"ಇಲ್ಲ. ಇನ್ನಾ ಕಳತಿಲ್ಲ ಅದು."

ಅವನು ತಿಪ್ಪೆಗೆ ಕೈ ಹಾಕಿ ಒಂದು ಹಿಡಿ ತೆಗೆದು ನನ್ನ ಮೂಗಿನ ಹತ್ತಿರ ತಂದ. "ಕಳತಿಲ್ಲಂತ! ಚಾಪುಡಿ ಆದಂಗ ಆಗೈತಿ. ನೀವು ಲಾರಿ ತೂಗೂದು ನೋಡಕೋರಿ ಮಾವ, ಗೊಬ್ಬರ ನನಗ ಬಿಡ್ರಿ."

ಸಲಿಕೆ ಹಾಕಿ ತುಂಬತೊಡಗಿದ. ಒಂದು ಬುಟ್ಟಿ, ಎರಡು ಬುಟ್ಟಿ. ಅವನು ಹೊತ್ತು ಹಾಕುತ್ತಿದ್ದ, ನಾನು ನೋಡುತ್ತಿದ್ದೆ. ಹೇಳದೆ ಬಿಟ್ಟರೆ ಏನಾಗುತ್ತದೆ ಎಂದೂ ಯೋಚಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ಟ್ರಾಲಿ ಹೋಗಿದೆ, ಐದನೆಯದೂ ಹೋಗುತ್ತದೆ. ಧೂಳು ತಿಂದಿತು ಎಂದು ಅವನು ನಂಬಿದ್ದಾನೆ, ಹಾಗೇ ನಂಬಿಕೊಂಡಿರುತ್ತಾನೆ. ತಮ್ಮಾ ಎಂದರೆ ಮಾವ ಎನ್ನುವ ಒಬ್ಬ ನನಗೆ ಉಳಿಯುತ್ತಾನೆ. ಮೂರನೆಯ ಬುಟ್ಟಿ ಎತ್ತಿದಾಗ ಸಗಣಿಯ ನಡುವೆ ಬೂದಿಯ ಪದರು ಕಂಡಿತು. ಅದರಲ್ಲಿ ಪೂರ್ತಿ ಸುಡದೆ ಉಳಿದ ಒಂದು ಹಸಿರು ಚೂರು ಇತ್ತು. ಅವನು ಬುಟ್ಟಿಯನ್ನು ಟ್ರಾಲಿಗೆ ಸುರಿದು ತಿರುಗುವಷ್ಟರಲ್ಲಿ ನಾನು ಹೋಗಿ ಟ್ರಾಲಿಗೆ ಅಡ್ಡ ನಿಂತೆ.

ಎಲ್ಲವನ್ನೂ ಹೇಳಿದೆ. ಶಾಮಿಯಾನದಲ್ಲಿ ಕೇಳಿದ್ದನ್ನು ಹೇಳಿದೆ. ಕೈ ಜೋತು ಬಿದ್ದದ್ದು, ಒಸಡಿನ ಗೆರೆ, ಇಳಿದು ಹೋದ ಎರಡು ಬಸಿರು, ಒಂದರ ಮೇಲೊಂದು ಹೇಳಿದೆ. ಅವನು ಬುಟ್ಟಿಯನ್ನು ಕೆಳಗಿಟ್ಟು ನಿಂತುಕೊಂಡೇ ಕೇಳಿದ.

"ಡಾಕ್ಟರು ಹಿಂಗಂತ ಹೇಳಿದ್ರೇನು?"

"ಡಾಕ್ಟರು ಕೇಳಿದ್ರು. ನಾನು ಹೇಳಲಿಲ್ಲ."

"ಏನು ಕೇಳಿದ್ರು?"

"ಏನು ಕೆಲಸ ಮಾಡ್ತಾಳ ಅಂದ್ರು. ಸುಮ್ನ ಮನ್ಯಾಗ ಇರ್ತಾಳ ಅಂದೆ."

ಅವನು ಬಚ್ಚಲಿನ ಕಡೆ ನೋಡಿದ. ಸೂರು ಇನ್ನೂ ಕಪ್ಪಗಿತ್ತು.

"ನಮ್ಮಕ್ಕ ಜೀವಮಾನದಾಗ ಸುಮ್ನ ಕುಂತಿದ್ದನ್ನ ನಾ ನೋಡಿಲ್ಲ, ಮಾವ" ಎಂದ. ಆಮೇಲೆ, "ಆ ಸಾಮಾನು ತಂದೋರು ಯಾರು?" ಎಂದು ಕೇಳಿದ. ಅವನಿಗೆ ಗೊತ್ತಿತ್ತು. ನನ್ನ ಬಾಯಿಂದ ಕೇಳಬೇಕಾಗಿತ್ತು.

"ನಾನ ತಂದಿದ್ದು."

ಅವನು ಟ್ರಾಲಿಗೆ ಹತ್ತಿ, ಹಾಕಿದ್ದ ಮೂರು ಬುಟ್ಟಿ ಗೊಬ್ಬರವನ್ನು ಸಲಿಕೆಯಿಂದ ಎಳೆದು ಮತ್ತೆ ತಿಪ್ಪೆಗೆ ಕೆಡವಿದ. ಮೂಲೆಯಲ್ಲಿ ಅಂಟಿದ್ದನ್ನೂ ಬಿಡಲಿಲ್ಲ. ಟ್ರಾಕ್ಟರ್ ಹತ್ತಿ ಸ್ಟಾರ್ಟ್ ಮಾಡಿ, ಆ ಸದ್ದಿನ ಮೇಲೆ ಕೂಗಿ ಹೇಳಿದ.

"ಇದು ಇಲ್ಲೇ ಉಳೀತು, ಆತು. ನಾಲ್ಕ ವರ್ಷದ್ದು ಗದ್ದಿಗೆ ಹಾಕೀನಲ್ಲ, ಅದನ್ನ ಹೆಂಗ ತಗೀಲಿ?"

ಖಾಲಿ ಟ್ರಾಲಿ ಗಡಗಡ ಸದ್ದು ಮಾಡುತ್ತ ಓಣಿ ದಾಟಿತು. ಆ ಟ್ರಾಲಿ ನಮ್ಮ ಮನೆಯಿಂದ ಖಾಲಿ ಹೋದದ್ದು ಅದೇ ಮೊದಲು.

ಮಳೆ ಬರುವುದರೊಳಗೆ ನಾನು ಇಡೀ ತಿಪ್ಪೆಯನ್ನು, ಅದರ ಕೆಳಗಿನ ಒಂದು ಮೊಳ ಮಣ್ಣನ್ನೂ ಅಗೆದು, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ತುಂಬಿದೆ. ಒಣ ಮಣ್ಣು ಏಳಬಾರದೆಂದು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಗೆದೆ. ಹಂಡೆಯ ಒಲೆಯನ್ನು ಕಿತ್ತು ಅದರ ಮಣ್ಣನ್ನೂ ಹಾಕಿದೆ. ಬದನೆ ಗಿಡ, ಪಾತ್ರೆಯ ಬೂದಿ, ಸೀಸ ಕರಗಿಸುತ್ತಿದ್ದ ಬಾಣಲೆ ಹಾಕಿದೆ. ಹೆಸರುಕಾಳಿನ ಡಬ್ಬಿಯನ್ನು ಎರಡು ದಿನ ಹೊರಗಿಟ್ಟುಕೊಂಡಿದ್ದು ಮೂರನೆಯ ದಿನ ಹಾಕಿದೆ. ಕಿಟಕಿಯಲ್ಲಿದ್ದ ಆ ಒಂದು ಬೋರ್ಡು ಮಾತ್ರ ಹಾಗೇ ಇದೆ. ಅದು ಸುಟ್ಟದ್ದಲ್ಲ. ಡ್ರಮ್ಮುಗಳು ಬಚ್ಚಲಿನ ಪಕ್ಕದ ಕೋಣೆಯಲ್ಲಿ, ಸಿಮೆಂಟು ನೆಲದ ಮೇಲೆ ನಿಂತಿವೆ. ವಿಳಾಸ ಕೇಳಿಕೊಂಡು ಬೆಂಗಳೂರಿನ ಪರವಾನಗಿಯವರಿಗೆ ಪತ್ರ ಬರೆದೆ. ಅವರಲ್ಲಿ ಒಬ್ಬರು ಉತ್ತರ ಕೊಟ್ಟರು, ಮಿಷಿನ್ನುಗಳಿದ್ದರೆ ತೆಗೆದುಕೊಳ್ಳುತ್ತೇವೆ, ಮಣ್ಣನ್ನು ತೆಗೆದುಕೊಳ್ಳುವುದಿಲ್ಲ ಎಂದು.

ಮಿಷಿನ್ನುಗಳಿದ್ದವು. ಆಫೀಸಿನ ಹಿಂದಿನ ಕೋಣೆ ಮತ್ತೆ ತುಂಬಿತ್ತು. ಮ್ಯಾನೇಜರು ಮತ್ತೆ ಕರೆದು ಒಯ್ರಿ ಎಂದರು. ನಾನು ಒಯ್ಯುವುದಿಲ್ಲ, ಗುಜರಿಗೂ ಕೊಡಬಾರದು, ಬೆಂಗಳೂರಿನವರಿಗೆ ಕಳಿಸಬೇಕು ಎಂದೆ. "ಕಸ ಕಳಸಾಕ ಲಾರಿ ಮಾಡಬೇಕೇನ್ರಿ?" ಎಂದು ಅವರು ಸಿಟ್ಟಾದರು. "ಇಷ್ಟು ವರ್ಷ ನಿಮ್ಮ ಮನಿಗೆ ಒಯ್ಯುವಾಗ ಇದು ಕಸ ಆಗಿರಲಿಲ್ಲ ಏನು?" ಆದರೂ ದಿನಾ ಹೋಗಿ ಅವರ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಕೊನೆಗೆ ಬೇಸತ್ತು, ಬಿಡಿಭಾಗ ತರಲು ಬೆಂಗಳೂರಿಗೆ ಹೊರಟಿದ್ದ ಲಾರಿಯಲ್ಲಿ ಎಲ್ಲವನ್ನೂ ಹಾಕಿಸಿದರು. ಒಂದನ್ನೂ ಒಡೆಯದೆ ನಾನೇ ಹೊತ್ತು ಹಾಕಿದೆ. ತಲುಪಿತು ಎಂದು ಠಸ್ಸೆ ಒತ್ತಿದ ಒಂದು ಹಾಳೆ ಬಂತು. ಒಂದು ಲಾರಿ, ಒಂದು ಹಾಳೆಯಲ್ಲಿ ಮುಗಿಯುವ ಈ ಕೆಲಸವನ್ನು ನಾಲ್ಕು ವರ್ಷ ಮೊದಲು ಮಾಡಬಹುದಾಗಿತ್ತು.

ಅವಳ ತಮ್ಮ ದೀಪಾವಳಿಗೆ ಬರಲಿಲ್ಲ, ಸುಗ್ಗಿಗೂ ಬರಲಿಲ್ಲ. ಮಾಘದಲ್ಲಿ ಅವಳ ವರ್ಷದ ಎಡೆ ಬಂತು. ಮೊದಲ ವರ್ಷದ ಎಡೆಗೆ ತವರಿನ ಅಕ್ಕಿಯ ಅನ್ನ ಇಡಬೇಕು, ಅದು ನಮ್ಮಲ್ಲಿ ನಡೆದು ಬಂದದ್ದು. ನಾನು ಹೇಳಿ ಕಳಿಸಲಿಲ್ಲ. ಯಾವ ಬಾಯಿಂದ ಹೇಳಿ ಕಳಿಸಲಿ?

ಎಡೆಯ ದಿನ ಬೆಳಿಗ್ಗೆ ಅವನು ಬಸ್ಸಿನಲ್ಲಿ ಬಂದ. ಹೆಗಲ ಮೇಲೆ ಒಂದು ಸಣ್ಣ ಗಂಟು. ಕಾಲು ತೊಳೆದು ಒಳಗೆ ಬಂದು, ಗಂಟನ್ನು ಅವಳ ಫೋಟೋದ ಮುಂದೆ ಇಟ್ಟು ಬಿಚ್ಚಿದ. ಐದು ಸೇರಿನಷ್ಟು ಅಕ್ಕಿ. ಬಿಳಿ, ಪಾಲಿಷ್ ಮಾಡಿದ, ಸಣ್ಣ ಕಾಳಿನ ಅಕ್ಕಿ. ಅವನ ಗದ್ದೆಯ ಭತ್ತ ದಪ್ಪ ಕಾಳಿನದು. ನಾನು ಮುಟ್ಟಿ ನೋಡಿ ಅವನ ಮುಖ ನೋಡಿದೆ.

"ಕಂಪ್ಲಿ ಅಂಗಡಿಯಾಗ ಕೊಂಡೆ" ಎಂದ.

ಭತ್ತ ಬೆಳೆಯುವವನು ಅಕ್ಕನ ಎಡೆಗೆ ಅಂಗಡಿಯ ಅಕ್ಕಿ ಕೊಂಡು ತಂದಿದ್ದ. ನಾನು ಹೇಳಿದ್ದನ್ನು ಅವನು ನಂಬಿದ್ದಾನೆ ಎಂಬುದು ಆಗ ನನಗೆ ತಿಳಿಯಿತು. ನಾನು ಅದನ್ನು ತೊಳೆದು ಒಲೆಗೆ ಇಟ್ಟೆ. ಅವನು ಬಾಗಿಲಿಗೆ ಒರಗಿ ಕುಳಿತ. ಅನ್ನ ಕುದಿಯತೊಡಗಿತು.

"ಈ ಸಲ ಗದ್ದಿ ಹೆಂಗ ಬಂತು?" ಎಂದು ನಾನೇ ಕೇಳಿದೆ.

"ಭಾಳ ಚಲೋ ಬಂತು ಮಾವ. ಯಾವ ವರ್ಷನೂ ಹಂಗ ಬಂದಿದ್ದಿಲ್ಲ."

"ಅದನ್ನೇನು ಮಾಡಿದಿ?"

ಅವನು ಫೋಟೋದ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ.

"ಮನಿಗೆ ಒಂದು ಕಾಳೂ ಇಟ್ಟುಕೊಳ್ಳಲಿಲ್ಲ. ಎಲ್ಲಾ ಮಿಲ್ಲಿಗೆ ಮಾರಿದೆ."

"ಮತ್ತ ಅದನ್ನ...?"

"ಯಾರೋ ಉಣ್ತಾರ" ಎಂದ.

ಆ ಭತ್ತದಲ್ಲಿ ಏನಿತ್ತೋ, ಏನೂ ಇರಲಿಲ್ಲವೋ ನನಗೆ ಗೊತ್ತಿಲ್ಲ. ಯಾರೂ ಪರೀಕ್ಷೆ ಮಾಡಲಿಲ್ಲ. ಅವನಿಗೆ ಬೇರೆ ಗದ್ದೆ ಇರಲಿಲ್ಲ. ಮಾರಬೇಡ ಎಂದು ಹೇಳುವ ಬಾಯಿ ನನಗೂ ಇರಲಿಲ್ಲ. ಅನ್ನ ಬೆಂದಿತ್ತು. ಇಳಿಸಿ, ಬಾಳೆಲೆಯ ಮೇಲೆ ಬಡಿಸಿ, ಅವಳ ಮುಂದೆ ಇಟ್ಟೆ.